ಓದುಗರ ಪ್ರಶ್ನೆ, ತಜ್ಞರ ಉತ್ತರ: ಕೀಟದ ಮೈ ಕಟ್ಟುವ ರಕ್ತಕೋಶಗಳು

ರೇಷ್ಮೆ ಹುಳುವಿನ ರೋಗಗಳ ಬಗ್ಗೆ ಬರುವ ಪತ್ರಗಳಲ್ಲಿ ಈಚೆಗೆ ಒಂದೇ ಪ್ರಶ್ನೆ ಹಲವು ರೂಪದಲ್ಲಿ ಕಾಣಿಸುತ್ತಿದೆ: ಹುಳುವಿನ ರಕ್ತದಲ್ಲಿರುವ ಜೀವಕೋಶಗಳಿಗೆ ರೋಗ ಬಂದಾಗ ಮಾತ್ರ ಕೆಲಸವೇ? ಪಠ್ಯಪುಸ್ತಕಗಳು ಈ ಕೋಶಗಳನ್ನು ರೋಗನಿರೋಧಕ ಶಕ್ತಿಯ ಅಧ್ಯಾಯದಲ್ಲಿ ಹೇಳಿ ಮುಗಿಸುತ್ತವೆ. ಹುಳು ಮೊಟ್ಟೆಯಲ್ಲಿದ್ದಾಗಿನಿಂದ ಚಿಟ್ಟೆಯಾಗುವ ತನಕ ಅವು ಮಾಡುವ ದೊಡ್ಡ ಕೆಲಸ ಅಲ್ಲಿ ಬಿಟ್ಟುಹೋಗುತ್ತದೆ. ಅದಕ್ಕೇ ಈ ಸಂಚಿಕೆಯಲ್ಲಿ ಅಂಥ ಪ್ರಶ್ನೆಗಳನ್ನೆಲ್ಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ರೇಷ್ಮೆ ಹುಳುವಿಗೆ ಗಾಯವಾದರೆ ತಿಳಿಹಳದಿ ನೀರು ಬರುತ್ತದೆ. ಅದೇ ಅದರ ರಕ್ತವೇ? ಅದರಲ್ಲೂ ನಮ್ಮ ರಕ್ತದ ಹಾಗೆ ಕಣಗಳಿವೆಯೇ? ಆರೋಗ್ಯವಾಗಿರುವ ಹುಳುವಿನಲ್ಲಿ ಅವು ಸುಮ್ಮನೆ ಇರುತ್ತವೆಯೇ?
— ರೇಷ್ಮೆ ಬೆಳೆಗಾರರು, ಶಿಡ್ಲಘಟ್ಟ

ಉತ್ತರ: ಹೌದು, ಅದೇ ರಕ್ತ. ಹೀಮೋಲಿಂಫ್ ಎನ್ನುತ್ತಾರೆ. ತಳಿಗೆ ತಕ್ಕಂತೆ ತಿಳಿಹಳದಿ ಇರಬಹುದು, ಬಣ್ಣವೇ ಇಲ್ಲದಿರಲೂಬಹುದು. ನಮ್ಮ ರಕ್ತದ ಕೆಂಪು ಕಣಗಳು ಅದರಲ್ಲಿಲ್ಲ, ಏಕೆಂದರೆ ಹುಳುವಿಗೆ ಆಮ್ಲಜನಕ ಸಾಗಿಸಲು ರಕ್ತ ಬೇಕಿಲ್ಲ. ಮೈಯ ಎರಡೂ ಪಕ್ಕದಲ್ಲಿ ಕಾಣುವ ಚುಕ್ಕಿಗಳಂಥ ಉಸಿರುರಂಧ್ರಗಳಿಂದ ಹೊರಟ ಗಾಳಿಕೊಳವೆಗಳು ನೇರವಾಗಿ ಅಂಗಾಂಗಗಳಿಗೆ ಗಾಳಿ ಮುಟ್ಟಿಸುತ್ತವೆ. ರಕ್ತ ನಾಳದೊಳಗೆ ಹರಿಯುವುದೂ ಇಲ್ಲ. ಬೆನ್ನಿನ ಉದ್ದಕ್ಕೂ ಇರುವ ಒಂದು ನಾಳ ಅದನ್ನು ತಲೆಯ ಕಡೆಗೆ ತಳ್ಳುತ್ತದೆ, ಅಲ್ಲಿಂದ ಮುಂದೆ ಅದು ಅಂಗಗಳ ನಡುವಿನ ಬಯಲಿನಲ್ಲೇ ಹರಿಯುತ್ತದೆ. ಅಂದರೆ ರಕ್ತಕೋಶಗಳು ಪ್ರತಿ ಅಂಗದ ಮೇಲ್ಮೈಯನ್ನೂ ನೇರವಾಗಿ ಮುಟ್ಟಬಲ್ಲವು. ಮುಂದಿನ ಉತ್ತರಗಳಿಗೆಲ್ಲ ಈ ಸಂಗತಿಯೇ ಆಧಾರ.

ರೇಷ್ಮೆ ಹುಳುವಿನಲ್ಲಿ 5 ಬಗೆಯ ರಕ್ತಕೋಶಗಳನ್ನು ಗುರುತಿಸುತ್ತಾರೆ. ಪ್ರೋಹೀಮೋಸೈಟ್ ಎಂಬುದು ಚಿಕ್ಕ, ದುಂಡನೆಯ ತಾಯಿಕೋಶ. ಪ್ಲಾಸ್ಮಟೋಸೈಟ್ ಕದಿರಿನ ಆಕಾರದ್ದು, ಗಾಜಿಗೆ ಅಂಟಿ ಹರಡಿಕೊಳ್ಳುತ್ತದೆ. ಗ್ರ್ಯಾನುಲೋಸೈಟ್ ಒಳಗೆ ಹರಳು ಹರಳಾಗಿ ಕಾಣುತ್ತದೆ. ರೇಷ್ಮೆ ಹುಳುವಿನಲ್ಲಿ ನುಂಗುವ ಕೆಲಸದ ಹೆಚ್ಚಿನ ಪಾಲು ಇದರದ್ದು. ಸ್ಫೆರ್ಯೂಲೋಸೈಟ್ ಗುಂಡು ಗುಂಡು ಚೀಲಗಳಿಂದ ತುಂಬಿರುತ್ತದೆ. ಐದನೆಯದು ಈನೋಸೈಟಾಯ್ಡ್, ದೊಡ್ಡದು, ಬಲು ಬೇಗ ಒಡೆಯುವಂಥದ್ದು. ಗಾಯ ಕಪ್ಪಾಗಿಸುವ ಕಿಣ್ವದ ಕಚ್ಚಾರೂಪ, ಪ್ರೋಫೀನಾಲ್‌ಆಕ್ಸಿಡೇಸ್, ಇದರೊಳಗಿರುತ್ತದೆ.

ಇವು ಹುಟ್ಟುವುದು ಎರಡು ಕಡೆ. ಮುಂದೆ ರೆಕ್ಕೆಯಾಗಲಿರುವ ಮೊಗ್ಗುಗಳು ಹುಳುವಿನ ಎದೆಭಾಗದ ಎರಡನೆಯ ಮತ್ತು ಮೂರನೆಯ ಖಂಡಗಳಲ್ಲಿ, ಎರಡೂ ಬದಿಗೆ, ಒಟ್ಟು 4 ಇವೆ. ಪ್ರತಿ ಮೊಗ್ಗಿಗೂ ಅಂಟಿಕೊಂಡಂತೆ ರಕ್ತ ತಯಾರಿಸುವ ಒಂದು ಅಂಗವಿದೆ. ಇದಲ್ಲದೆ, ಹರಿದಾಡುವ ರಕ್ತದಲ್ಲೂ ಕೆಲವು ಕೋಶಗಳು ಒಡೆದು ಎರಡಾಗುತ್ತವೆ.

ಆರೋಗ್ಯವಾದ ಹುಳುವಿನಲ್ಲಿ ಅವು ಸುಮ್ಮನಿರುವುದಿಲ್ಲ. ಬೆಳವಣಿಗೆಯಲ್ಲಿ ಸಾಯಲೇಬೇಕಾದ ಕೋಶಗಳನ್ನು ನುಂಗುತ್ತವೆ, ಅಂಗಗಳ ಸುತ್ತ ಹಾಸಬೇಕಾದ ಪೊರೆಗೆ ಸಾಮಗ್ರಿ ಒದಗಿಸುತ್ತವೆ, ಕೆಲವು ಅಂಗಗಳಿಗೆ ರಾಸಾಯನಿಕ ಸಂದೇಶವನ್ನೂ ಕಳಿಸುತ್ತವೆ. ರೋಗದ ಸೂಕ್ಷ್ಮಜೀವಿ ಒಳಹೊಕ್ಕರೆ ಅದೇ ನುಂಗುವ, ಸುತ್ತುವರಿಯುವ ಕಸುಬನ್ನು ಅದರ ಮೇಲೆ ಪ್ರಯೋಗಿಸುತ್ತವೆ.

ಪ್ರಶ್ನೆ: ರಕ್ತಕೋಶಗಳಿಲ್ಲದೆ ಕೀಟದ ಭ್ರೂಣವೇ ಸರಿಯಾಗಿ ರೂಪುಗೊಳ್ಳುವುದಿಲ್ಲ ಎಂದು ತರಗತಿಯಲ್ಲಿ ಹೇಳಿದರು. ಮೊಟ್ಟೆಯೊಳಗೆ ಸೋಂಕೇ ಇರುವುದಿಲ್ಲವಲ್ಲ, ಅಲ್ಲಿ ಇವುಗಳಿಗೇನು ಕೆಲಸ? ಇದಕ್ಕೆ ಪ್ರಯೋಗದ ಆಧಾರವಿದೆಯೇ?
— ಎಂ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಆಧಾರ ಬೇಕಾದಷ್ಟಿದೆ, ಹೆಚ್ಚಿನದು ಡ್ರೊಸೊಫಿಲಾ ಎಂಬ ಹಣ್ಣಿನ ನೊಣದಿಂದ ಬಂದದ್ದು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಮೊಟ್ಟೆ ಸುಮಾರು ಒಂದು ದಿನದಲ್ಲಿ ಒಡೆದು ಮರಿ ಹೊರಬರುತ್ತದೆ. ಈ ಒಂದು ದಿನದೊಳಗೆ ಭ್ರೂಣದ ತಲೆಭಾಗದಲ್ಲಿ ಸುಮಾರು 700 ರಕ್ತಕೋಶಗಳು ಹುಟ್ಟುತ್ತವೆ. ಹೆಚ್ಚಿನವು ಪ್ಲಾಸ್ಮಟೋಸೈಟ್‌ಗಳು, ಅಂದರೆ ನುಂಗುವ ಕೋಶಗಳು. (ಹೆಸರು ರೇಷ್ಮೆ ಹುಳುವಿನದ್ದೇ ಆದರೂ ಕೆಲಸ ಪೂರ್ತಿ ಒಂದೇ ಅಲ್ಲ. ಪರೀಕ್ಷೆಯಲ್ಲಿ ಬಹಳ ಮಂದಿ ಎಡವುವುದು ಇಲ್ಲೇ.) ಅಲ್ಲಿಂದ ಅವು ಗೊತ್ತಾದ ದಾರಿಗಳಲ್ಲಿ ಹೊರಟು, ನರಹುರಿಯ ಉದ್ದಕ್ಕೂ ಸಾಗಿ, ಭ್ರೂಣದ ತುಂಬ ಹರಡಿಕೊಳ್ಳುತ್ತವೆ. ದಾರಿ ತೋರಿಸುವುದು ಪಿವಿಎಫ್ ಎಂಬ ಪ್ರೋಟೀನ್‌ಗಳು. ಅವನ್ನು ಗುರುತಿಸುವ ಗ್ರಾಹಕ, ಪಿವಿಆರ್, ರಕ್ತಕೋಶದ ಮೈಮೇಲಿದೆ. ಈ ಗ್ರಾಹಕ ಕೆಟ್ಟರೆ ಕೋಶಗಳು ತಲೆಯ ಬಳಿಯೇ ಗುಂಪುಗೂಡಿ ಉಳಿಯುತ್ತವೆ, ಹಲವು ಸತ್ತೂ ಹೋಗುತ್ತವೆ. ಉಳಿದ ಪ್ರಯೋಗಗಳಿಗೆ ಈ ದೋಷವೇ ದೊಡ್ಡ ಅನುಕೂಲವಾಯಿತು. ರಕ್ತಕೋಶ ತಲುಪದ ಜಾಗದಲ್ಲಿ ಏನು ತಪ್ಪುತ್ತದೆ ಎಂದು ನೋಡಿದರೆ ಅವುಗಳ ಕೆಲಸ ತಿಳಿಯುತ್ತದೆ.

ಮೊದಲನೆಯದು ಸತ್ತ ಕೋಶಗಳ ವಿಲೇವಾರಿ. ನರಹುರಿ, ತಲೆ ಮೊದಲಾದ ಕಡೆ ಬೆಳವಣಿಗೆಯ ಭಾಗವಾಗಿಯೇ ಕೋಶಗಳು ದೊಡ್ಡ ಸಂಖ್ಯೆಯಲ್ಲಿ ಸಾಯುತ್ತವೆ. ಅವನ್ನು ಗುರುತಿಸಿ ನುಂಗಲು ಪ್ಲಾಸ್ಮಟೋಸೈಟ್‌ಗಳ ಮೇಲೆ ಕ್ರೋಕ್‌ಮೋರ್, ಡ್ರೇಪರ್, ಸಿಮು ಎಂಬ ಗ್ರಾಹಕಗಳಿವೆ. ಕ್ರೋಕ್‌ಮೋರ್ ಇಲ್ಲದ ಭ್ರೂಣದಲ್ಲಿ ಸತ್ತ ಕೋಶಗಳನ್ನು ನುಂಗುವ ಕೆಲಸ ಕುಂಠಿತವಾಗುತ್ತದೆ ಎಂದು 1999ರಲ್ಲಿ ತೋರಿಸಿದರು.

ಎರಡನೆಯದು ಪೊರೆಯ ಸಾಮಗ್ರಿ. ಎಲ್ಲ ಅಂಗಗಳ ಹೊರಮೈಗೂ ಬೇಸ್‌ಮೆಂಟ್ ಮೆಂಬ್ರೇನ್ ಎಂಬ ತೆಳು ಹಾಸು ಇರುತ್ತದೆ. ನಾಲ್ಕನೆಯ ಬಗೆಯ ಕೊಲಾಜನ್, ಲ್ಯಾಮಿನಿನ್, ಪೆರಾಕ್ಸಿಡಾಸಿನ್, ಪ್ಯಾಪಿಲಿನ್ ಅದರ ಸರಕು. ಭ್ರೂಣದಲ್ಲಿ ಈ ಸರಕಿನ ದೊಡ್ಡ ಪಾಲನ್ನು ರಕ್ತಕೋಶಗಳೇ ತಯಾರಿಸಿ, ನಡೆದಾಡುತ್ತಾ, ಗಾರೆಯವನು ಗೋಡೆಯ ಉದ್ದಕ್ಕೂ ಕರಣೆ ಎಳೆದುಕೊಂಡು ಹೋಗುವ ಹಾಗೆ ಹಚ್ಚುತ್ತಾ ಹೋಗುತ್ತವೆ. ಅವು ಹರಡದಿದ್ದರೆ ಲ್ಯಾಮಿನಿನ್ ಎಲ್ಲೆಡೆ ಸಮನಾಗಿ ಬೀಳುವುದಿಲ್ಲ ಎಂದು 2017ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ತಂಡ ತೋರಿಸಿತು. ತಯಾರಾದರಷ್ಟೇ ಸಾಲದು, ತಯಾರಿಸುವವರು ನಡೆದಾಡಲೂ ಬೇಕು.

ಹಾಸು ಕೆಟ್ಟರೆ ಏನಾಗುತ್ತದೆ? ಭ್ರೂಣದ ನರಹುರಿ ಮೊದಲು ಉದ್ದಕ್ಕೆ ಚಾಚಿಕೊಂಡಿದ್ದು, ಕೊನೆಯ ಗಂಟೆಗಳಲ್ಲಿ ಕುಗ್ಗಿ ಗಟ್ಟಿಯಾಗಬೇಕು. ರಕ್ತಕೋಶಗಳು ತಲುಪದಿದ್ದರೆ ಈ ಕುಗ್ಗುವಿಕೆ ಅರ್ಧಕ್ಕೇ ನಿಲ್ಲುತ್ತದೆ. ಇನ್ನೊಂದು ಉದಾಹರಣೆ ಇದಕ್ಕಿಂತ ಸೊಗಸಾದದ್ದು: ಕೀಟದ ಮೂತ್ರಪಿಂಡ ಎನ್ನಬಹುದಾದ ಮಾಲ್ಪೀಜಿಯನ್ ನಾಳಗಳು. ನೊಣದಲ್ಲಿ ಇವು 4, ಮುಂದಕ್ಕೊಂದು ಜೋಡಿ, ಹಿಂದಕ್ಕೊಂದು ಜೋಡಿ. ಮುಂದಿನ ಜೋಡಿ ಸರಿಯಾದ ದಿಕ್ಕಿಗೆ ಬೆಳೆಯಲು ಡಿಪಿಪಿ ಎಂಬ ಸಂಕೇತ ಬೇಕು. ಹಾದುಹೋಗುವ ರಕ್ತಕೋಶಗಳು ನಾಳದ ಸುತ್ತ ಕೊಲಾಜನ್ ಹಾಸಿದರೆ ಮಾತ್ರ ಆ ಸಂಕೇತ ನಾಳಕ್ಕೆ ಸರಿಯಾಗಿ ಮುಟ್ಟುತ್ತದೆ. ಹಾಸದಿದ್ದರೆ ಸಂಕೇತವಿದ್ದೂ ನಾಳಕ್ಕೆ ಕೇಳಿಸದು, ಅದು ದಾರಿ ತಪ್ಪುತ್ತದೆ. 2010ರಲ್ಲಿ ಕೇಂಬ್ರಿಡ್ಜ್‌ನ ಹೆಲೆನ್ ಸ್ಕೇರ್ ಅವರ ತಂಡ ಇದನ್ನು ವಿವರಿಸಿತು.

ಒಂದು ಎಚ್ಚರಿಕೆ. ಇದನ್ನೆಲ್ಲ ಓದಿ ‘ಕೀಟದ ಕೊಲಾಜನ್ ಎಲ್ಲವೂ ರಕ್ತಕೋಶದ್ದೇ’ ಎಂದು ಬರೆಯಬೇಡಿ. ಮರಿಹುಳುವಿನ ಹಂತಕ್ಕೆ ಬಂದರೆ ಕೊಲಾಜನ್‌ನ ಮುಖ್ಯ ಮೂಲ ಕೊಬ್ಬಿನಂಗ ಎಂದು 2011ರಲ್ಲಿ ಗೊತ್ತಾಗಿದೆ. ಆಗಲೂ ಅಂಡಾಶಯ ಒಂದು ಅಪವಾದ. ಬೆಳೆಯುತ್ತಿರುವ ಅಂಡಾಶಯಕ್ಕೆ ಅಂಟಿಕೊಂಡೇ ಇರುವ ರಕ್ತಕೋಶಗಳು ಅದಕ್ಕೆ ಕೊಲಾಜನ್ ಕೊಡುತ್ತವೆ. ಅದು ತಪ್ಪಿದರೆ ಮೊಟ್ಟೆಯ ಕಾಂಡಕೋಶಗಳ ನೆಲೆ ಸರಿಯಾಗಿ ರೂಪುಗೊಳ್ಳುವುದಿಲ್ಲ. ಇದು ತಿಳಿದದ್ದು 2015ರಲ್ಲಿ.

ಪ್ರಶ್ನೆ: ಗೂಡಿನೊಳಗೆ ಹುಳು ಪೂರ್ತಿ ಕರಗಿ ನೀರಾಗಿ, ಆಮೇಲೆ ಚಿಟ್ಟೆಯಾಗುತ್ತದೆ ಎನ್ನುತ್ತಾರೆ. ನಿಜವೇ? ಕರಗಿಸುವುದು ರಕ್ತಕೋಶಗಳೇ? ಬೇಗ ಬಿಡಿಸಿದ ಗೂಡುಗಳಲ್ಲಿ ಒಳಗೆ ಕಲೆ ಬೀಳುವುದಕ್ಕೂ ಇದಕ್ಕೂ ಸಂಬಂಧವಿದೆಯೇ?
— ನೂಲು ಬಿಚ್ಚಣಿಕೆದಾರರು, ರಾಮನಗರ

ಉತ್ತರ: ಪೂರ್ತಿ ಕರಗುವುದಿಲ್ಲ. ರೆಕ್ಕೆ, ಕಾಲು, ಕಣ್ಣು, ಮೀಸೆಗಳ ಮೊಗ್ಗುಗಳು ಹುಳುವಿನಲ್ಲೇ ಇದ್ದು, ಪ್ಯೂಪಾದಲ್ಲಿ ಅವು ಬೆಳೆಯುತ್ತವೆ. ನರಮಂಡಲ ಬದಲಾಗುತ್ತದಾದರೂ ಅಳಿದುಹೋಗುವುದಿಲ್ಲ. ಕರಗುವುದು ಹುಳುವಿಗೆ ಮಾತ್ರ ಬೇಕಿದ್ದ ಅಂಗಾಂಶಗಳು: ತೆವಳುವ ಸ್ನಾಯುಗಳ ಬಹುಪಾಲು, ಎಲೆ ಅರಗಿಸುವ ಕರುಳಿನ ಒಳಪದರ, ರೇಷ್ಮೆ ಗ್ರಂಥಿ.

ಈ ಕರಗುವಿಕೆಯಲ್ಲಿ ರಕ್ತಕೋಶದ ಪಾತ್ರ ಅಂಗದಿಂದ ಅಂಗಕ್ಕೆ ಬೇರೆ. ಇಲ್ಲಿ ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ‘ರಕ್ತಕೋಶ ಎಲ್ಲವನ್ನೂ ತಿಂದುಹಾಕುತ್ತದೆ’ ಎಂಬ ಹಳೆಯ ಮಾತು ಇನ್ನೂ ಚಾಲ್ತಿಯಲ್ಲಿದೆ. ಆ ಮಾತಿಗೆ ಕಾರಣವೂ ಇದೆ. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ಎಲಿ ಮೆಚ್ನಿಕಾಫ್ ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಗುಲಾಬಿ ಮುಳ್ಳು ಚುಚ್ಚಿ, ಅಲೆದಾಡುವ ಕೋಶಗಳು ಮುಳ್ಳನ್ನು ಮುತ್ತುವುದನ್ನು ಕಂಡರು. ಮುಂದೆ 1908ರಲ್ಲಿ ನೊಬೆಲ್ ಬಂತು. 1880ರ ದಶಕದಲ್ಲೇ ನೊಣದ ಪ್ಯೂಪಾವನ್ನು ತೆಳುವಾಗಿ ಕೊಯ್ದು ನೋಡಿದ ರಷ್ಯಾದ ಅಲೆಕ್ಸಾಂಡರ್ ಕೊವಾಲೆವ್ಸ್ಕಿ, ರಕ್ತಕೋಶಗಳ ಹೊಟ್ಟೆಯಲ್ಲಿ ಸ್ನಾಯುವಿನ ತುಂಡುಗಳು ಇರುವುದನ್ನು ಕಂಡರು. ಸ್ನಾಯುವಿನ ಮಟ್ಟಿಗೆ ಇದು ಇಂದಿಗೂ ನಿಜ. ಸ್ನಾಯು ತುಂಡು ತುಂಡಾಗುತ್ತದೆ, ಪ್ಲಾಸ್ಮಟೋಸೈಟ್‌ಗಳು ಆ ತುಂಡುಗಳನ್ನು ನುಂಗಿ ಉಬ್ಬಿಕೊಳ್ಳುತ್ತವೆ.

ಕೊಬ್ಬಿನಂಗದ ಕಥೆ ಬೇರೆ. ಜಪಾನಿನಲ್ಲಿ ಸಾರ್ಕೊಫಾಗಾ ಎಂಬ ಮಾಂಸದ ನೊಣದ ಮೇಲೆ ನಡೆದ ಕೆಲಸದಿಂದ ತಿಳಿದದ್ದು ಇದು: ಪ್ಯೂಪಾದ ರಕ್ತಕೋಶಗಳು ಕೊಬ್ಬಿನಂಗಕ್ಕೆ ಅಂಟಿ ಕ್ಯಾಥೆಪ್ಸಿನ್ ಬಿ ಎಂಬ ಕಿಣ್ವವನ್ನು ಹೊರಬಿಡುತ್ತವೆ, ಅದು ಹಾಸನ್ನು ಕಡಿದು ಅಂಗವನ್ನು ಬಿಡಿ ಕೋಶಗಳಾಗಿ ಉದುರಿಸುತ್ತದೆ. ಡ್ರೊಸೊಫಿಲಾದಲ್ಲಿ ಈ ಕಡಿಯುವ ಕೆಲಸಕ್ಕೆ ಕೊಬ್ಬಿನಂಗದ ಸ್ವಂತ ಕಿಣ್ವಗಳೇ ಇವೆ. ಉದುರಿದ ಕೊಬ್ಬಿನ ಕೋಶಗಳನ್ನು ಯಾರೂ ತಕ್ಷಣ ತಿನ್ನುವುದಿಲ್ಲ. ಅವು ಹೊಸ ನೊಣದ ಹೊಟ್ಟೆಯಲ್ಲಿ ಉಳಿದು, ಅದು ಆಹಾರ ಹುಡುಕಿಕೊಳ್ಳುವ ತನಕ ಬುತ್ತಿಯಾಗುತ್ತವೆ.

ರೇಷ್ಮೆ ಗ್ರಂಥಿಯೂ ನೊಣದ ಜೊಲ್ಲುಗ್ರಂಥಿಯೂ ಮುಖ್ಯವಾಗಿ ತಮ್ಮನ್ನು ತಾವೇ ಕರಗಿಸಿಕೊಳ್ಳುತ್ತವೆ. ಕೋಶದೊಳಗಿನ ಚೀಲಗಳು ಕೋಶವನ್ನೇ ಅರಗಿಸುವ ಆಟೋಫೇಜಿ, ಮತ್ತು ಕೋಶಕ್ಕೆ ಸಾವು ತರುವ ಕ್ಯಾಸ್ಪೇಸ್ ಕಿಣ್ವಗಳು, ಎರಡೂ ಸೇರಿ ಕೆಲಸ ಮುಗಿಸುತ್ತವೆ.

ಈ ಎಲ್ಲದಕ್ಕೂ ಹೊತ್ತು ಗೊತ್ತುಮಾಡುವುದು ಎಕ್‌ಡೈಸೋನ್ ಹಾರ್ಮೋನು. ಹುಳು ಜ್ವರಕ್ಕೆ (ಅಂದರೆ ಪೊರೆ ಬಿಡಲು) ಕೂರುವುದೂ, ಹಣ್ಣಾದ (ಗೂಡು ಕಟ್ಟಲು ಸಿದ್ಧವಾದ) ಹುಳು ಪ್ಯೂಪಾ ಆಗುವುದೂ ಇದರ ಏರಿಳಿತದಿಂದಲೇ. ಅದರ ಪ್ರಮಾಣ ಏರಿದಾಗ ರಕ್ತಕೋಶಗಳ ನಡತೆಯೂ ಬದಲಾಗುತ್ತದೆ. ಡ್ರೊಸೊಫಿಲಾ ಮರಿಯಲ್ಲಿ ಚರ್ಮದ ಒಳಬದಿಗೆ ಅಂಟಿ ಕುಳಿತಿದ್ದವು ಬಿಡಿಸಿಕೊಂಡು ಓಡಾಡತೊಡಗುತ್ತವೆ, ನುಂಗುವ ಶಕ್ತಿ ಹೆಚ್ಚುತ್ತದೆ. ರಕ್ತಕೋಶಗಳಿಗೆ ಮಾತ್ರ ಎಕ್‌ಡೈಸೋನ್ ‘ಕೇಳದಂತೆ’ ಮಾಡಿದರೆ ಈ ಬದಲಾವಣೆ ಆಗುವುದಿಲ್ಲ ಎಂದು 2013ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದವು.

ಇನ್ನು ಕಲೆಯ ವಿಚಾರ. ಪ್ಯೂಪಾದ ಚರ್ಮ ಮೊದಲು ಮೆದು, ತಿಳಿ ಬಣ್ಣದ್ದು. ಒಳಗೆ ಬಿಡಿಬಿಡಿಯಾದ ಅಂಗಾಂಶವೂ ರಕ್ತದ್ರವವೂ ತುಂಬಿರುತ್ತವೆ. ಚರ್ಮ ಕಂದಾಗಿ ಗಟ್ಟಿಯಾಗುವ ಮೊದಲೇ ಚಂದ್ರಿಕೆಯಿಂದ (ಗೂಡು ಕಟ್ಟಲು ಹುಳು ಬಿಡುವ ತಟ್ಟೆಯಿಂದ) ಗೂಡು ಬಿಡಿಸಿದರೆ, ಮೂಟೆಯಲ್ಲಿ ಒತ್ತಿದರೆ, ಚರ್ಮ ಒಡೆದು ದ್ರವ ಗೂಡಿಗೆ ಹತ್ತುತ್ತದೆ. ಅದರಲ್ಲಿರುವ ಕಪ್ಪಾಗಿಸುವ ಕಿಣ್ವ ಗಾಳಿ ತಗುಲಿದೊಡನೆ ಕೆಲಸ ಶುರುಮಾಡುವುದರಿಂದ ಕಲೆ ಕಂದುಗಪ್ಪಾಗುತ್ತದೆ. ಮಿಶ್ರತಳಿ ಗೂಡನ್ನು 5–6ನೇ ದಿನ, ದ್ವಿತಳಿ ಗೂಡನ್ನು 7–8ನೇ ದಿನ ಬಿಡಿಸಿ ಎನ್ನುವುದು ಇದಕ್ಕೇ. ಮನಸ್ಸಿಗೆ ಖಾತ್ರಿಯಾಗಬೇಕಾದರೆ ಬೇರೆ ಬೇರೆ ಚಂದ್ರಿಕೆಯ ನಾಲ್ಕಾರು ಗೂಡು ಕತ್ತರಿಸಿ ನೋಡಿ. ಪ್ಯೂಪಾ ಕಂದು ಬಣ್ಣಕ್ಕೆ ತಿರುಗಿದ್ದರೆ ಬಿಡಿಸಬಹುದು.

ಪ್ರಶ್ನೆ: ಊಜಿ ನೊಣ ತಾಗಿದ ಹುಳುವಿನ ಮೇಲೆ ಕಪ್ಪು ಮಚ್ಚೆ ಬರುತ್ತದೆ. ಅದು ಹುಳುವಿನ ರಕ್ಷಣೆಯ ಗುರುತೋ, ರೋಗದ ಗುರುತೋ?
— ಓದುಗರು, ವಿಜಯಪುರ, ಬೆಂಗಳೂರು ಗ್ರಾಮಾಂತರ

ಉತ್ತರ: ಎರಡೂ. ನೊಣ ಹುಳುವಿನ ಮೈಮೇಲೆ ಸಾಮಾನ್ಯವಾಗಿ ಒಂದೆರಡು ಬಿಳಿ ಮೊಟ್ಟೆ ಇಡುತ್ತದೆ. 2–3 ದಿನದಲ್ಲಿ ಮೊಟ್ಟೆಯೊಡೆದು ಮರಿ ಚರ್ಮ ಕೊರೆದು ಒಳಸೇರುತ್ತದೆ. ಹೊಕ್ಕ ಜಾಗಕ್ಕೆ ರಕ್ತಕೋಶಗಳು ಮುತ್ತಿ, ಪದರ ಪದರವಾಗಿ ಸುತ್ತಿಕೊಂಡು, ಕಪ್ಪು ಮೆಲನಿನ್ ತುಂಬುತ್ತವೆ. ಕಣಜದಂಥ ಬೇರೆ ಪರಾವಲಂಬಿಯ ಮೊಟ್ಟೆಯಾಗಿದ್ದರೆ ಇಂಥ ಕೋಟೆಯೊಳಗೆ ಉಸಿರುಗಟ್ಟಿ ಸಾಯಬಹುದಿತ್ತು. ಊಜಿಯ ಮರಿ ಹಾಗೆ ಸಾಯುವುದಿಲ್ಲ. ತನ್ನ ಹಿಂಭಾಗದ ಉಸಿರುರಂಧ್ರವನ್ನು ಹುಳುವಿನ ಚರ್ಮದ ತೂತಿಗೆ ಹೊಂದಿಸಿಟ್ಟುಕೊಂಡು, ಸುತ್ತ ಕಟ್ಟಿದ ಕಪ್ಪು ಪದರವನ್ನೇ ಆಲಿಕೆಯಾಗಿಸಿಕೊಂಡು ಹೊರಗಿನ ಗಾಳಿ ಎಳೆದುಕೊಳ್ಳುತ್ತದೆ. ಹುಳುವಿನ ರಕ್ಷಣೆಯ ಕೆಲಸವೇ ಶತ್ರುವಿಗೆ ಮನೆಯಾಯಿತು.

ಹೀಗಾಗಿ ಮಚ್ಚೆ ಕಂಡ ಹುಳು ಚೇತರಿಸಿಕೊಳ್ಳಲಿ ಎಂದು ತಟ್ಟೆಯಲ್ಲಿ ಬಿಡುವುದರಿಂದ ಲಾಭವಿಲ್ಲ. ನಾಲ್ಕನೇ ಹಂತದಲ್ಲೋ ಐದನೇ ಹಂತದ ಮೊದಲಲ್ಲೋ ತಾಗಿದ್ದರೆ ಹುಳು ಗೂಡು ಕಟ್ಟುವ ಮೊದಲೇ ಸಾಯುತ್ತದೆ. ಐದನೇ ಹಂತದ ಕೊನೆಗೆ ತಾಗಿದ್ದರೆ ಗೂಡು ಕಟ್ಟೀತು, ಆದರೆ ಊಜಿಯ ಮರಿ ತೂತು ಮಾಡಿಕೊಂಡು ಹೊರಬರುತ್ತದೆ, ಆ ಗೂಡಿನಿಂದ ನೂಲು ಬಿಚ್ಚಲಾಗದು. ಕಿಟಕಿ ಬಾಗಿಲಿಗೆ ನೈಲಾನ್ ಬಲೆ ಕಡ್ಡಾಯ. ಹೊರಬಿದ್ದ ಮರಿ ಮತ್ತು ಪ್ಯೂಪಾಗಳನ್ನು ಆರಿಸಿ 0.5% ಸೋಪಿನ ದ್ರಾವಣಕ್ಕೆ ಹಾಕಿ. ಊಜಿಯ ಪ್ಯೂಪಾವನ್ನು ಕೊಲ್ಲುವ ನೆಸೊಲಿಂಕ್ಸ್ ಥೈಮಸ್ ಕಣಜವನ್ನು 100 ಮೊಟ್ಟೆಗೆ (ಅಂದರೆ 100 ಚಿಟ್ಟೆಗಳು ಇಟ್ಟ ಮೊಟ್ಟೆಗಳ ಸಾಕಣೆಗೆ) 1 ಲಕ್ಷದ ಲೆಕ್ಕದಲ್ಲಿ ಬಿಡಬೇಕು. ಬೆಳೆ ಮುಗಿದ ಮೇಲೆ ಅದರ ಪೊಟ್ಟಣಗಳನ್ನು ಎಸೆಯದೆ ತಿಪ್ಪೆಯ ಬಳಿ ಇಡಿ, ಅಲ್ಲೂ ಊಜಿಯ ಪ್ಯೂಪಾಗಳಿರುತ್ತವೆ.

ಪ್ರಶ್ನೆ: ಹಾಲುತೊಂಡೆ ಬಂದ ಹುಳುಗಳು ಜ್ವರಕ್ಕೇ ಕೂರುವುದಿಲ್ಲ, ತಟ್ಟೆಯ ಅಂಚು ಹಿಡಿದು ಸುತ್ತುತ್ತವೆ. ರಕ್ತಕೋಶಗಳು ಸತ್ತಿದ್ದರಿಂದ ಬೆಳವಣಿಗೆ ನಿಂತಿತೇ?
— ರೇಷ್ಮೆ ಬೆಳೆಗಾರರು, ಮಳವಳ್ಳಿ

ಉತ್ತರ: ರಕ್ತ ಹಾಲಾಗುವುದಕ್ಕೆ ರಕ್ತಕೋಶಗಳ ಸಾವು ಕಾರಣ, ಜ್ವರಕ್ಕೆ ಕೂರದಿರುವುದಕ್ಕೆ ಮುಖ್ಯ ಕಾರಣ ಬೇರೆ. ಈ ರೋಗದ ವೈರಸ್ ರಕ್ತಕೋಶ ಮತ್ತು ಕೊಬ್ಬಿನಂಗದ ಕೋಶಗಳ ನ್ಯೂಕ್ಲಿಯಸ್‌ನಲ್ಲಿ ಹರಳುಗಳಾಗಿ ತುಂಬಿಕೊಳ್ಳುತ್ತದೆ. ಕೋಶ ಒಡೆದಾಗ ಆ ಹರಳುಗಳು ರಕ್ತಕ್ಕೆ ಬಿದ್ದು ಬಿಳಿ ಬಣ್ಣ ಬರುತ್ತದೆ.

ಜ್ವರ ತಪ್ಪಿಸುವುದು ವೈರಸ್ ತನ್ನೊಂದಿಗೆ ತರುವ ಇಜಿಟಿ ಎಂಬ ಜೀನು. ಅದರಿಂದ ತಯಾರಾಗುವ ಕಿಣ್ವ ಎಕ್‌ಡೈಸೋನ್‌ಗೆ ಸಕ್ಕರೆಯ ಅಣು ಜೋಡಿಸಿ ಅದನ್ನು ನಿಷ್ಕ್ರಿಯಗೊಳಿಸುತ್ತದೆ. ಜ್ವರಕ್ಕೆ ಕೂತ ಹುಳು ತಿನ್ನುವುದಿಲ್ಲ. ಜ್ವರ ತಪ್ಪಿದರೆ ಹುಳು ತಿನ್ನುತ್ತಾ ಬೆಳೆಯುತ್ತಾ ಹೋಗುತ್ತದೆ, ವೈರಸ್‌ಗೆ ಅಷ್ಟೂ ಹೆಚ್ಚು ಮೈ ಸಿಗುತ್ತದೆ. ಈ ಜೀನಿನ ಕೆಲಸವನ್ನು ಇದೇ ಕುಲದ ಇನ್ನೊಂದು ವೈರಸ್‌ನಲ್ಲಿ 1989ರಲ್ಲಿ ಮೊದಲು ಗುರುತಿಸಿದರು. ಅಂಚು ಹಿಡಿದು ಸುತ್ತಾಡಿಸುವುದಕ್ಕೂ ವೈರಸ್‌ನ ಬೇರೊಂದು ಜೀನು ಕಾರಣ. ಸುತ್ತಾಡುವ ಹುಳುವಿನ ಚರ್ಮ ಸುಲಭವಾಗಿ ಒಡೆದು, ಆ ಹಾಲು ಬಿದ್ದಲ್ಲೆಲ್ಲ ರೋಗ ಹರಡುತ್ತದೆ.

ಇದಕ್ಕೆ ಔಷಧಿಯಿಲ್ಲ. ಎಲ್ಲ ಹುಳು ಜ್ವರಕ್ಕೆ ಕೂತಾಗ ಕೂರದೆ ಉಳಿದು ಹೊಳೆಯುವ ಚರ್ಮದ, ಗೆಣ್ಣು ಊದಿದ ಹುಳುಗಳನ್ನು ಕಡ್ಡಿಯಿಂದ ಆರಿಸಿ, 0.3% ಸುಣ್ಣದ ನೀರಿನಲ್ಲಿ 2% ಬ್ಲೀಚಿಂಗ್ ಪೌಡರ್ ಕಲಸಿದ ದ್ರಾವಣಕ್ಕೆ ಹಾಕಿ. ಕೈಯಲ್ಲಿ ಹಿಸುಕಿ ಹಾಲು ನೋಡುವ ಅಭ್ಯಾಸ ಬಿಡಬೇಕು. ಆ ಒಂದು ತೊಟ್ಟಿನಲ್ಲಿರುವ ಹರಳುಗಳು ಪಕ್ಕದ ತಟ್ಟೆಗಳಿಗೆ ರೋಗ ಮುಟ್ಟಿಸಲು ಸಾಕು.

ಪ್ರಶ್ನೆ: ಪದವಿ ತರಗತಿಯಲ್ಲಿ ಕೀಟದ ರಕ್ತಕೋಶ ತೋರಿಸಬೇಕು. ಪ್ರತಿ ಸಲ ರಕ್ತ ಕಪ್ಪಾಗಿ, ಕೋಶಗಳು ಒಡೆದು ಹೋಗುತ್ತವೆ. ಸರಿಯಾದ ಕ್ರಮ ತಿಳಿಸಿ.
— ಪ್ರಾಣಿಶಾಸ್ತ್ರ ಉಪನ್ಯಾಸಕರು, ಮೈಸೂರು

ಉತ್ತರ: ಐದನೇ ಹಂತದ ಮೂರನೇ ದಿನದ ರೇಷ್ಮೆ ಹುಳು ಈ ಕೆಲಸಕ್ಕೆ ಒಳ್ಳೆಯದು. ಗಾತ್ರ ದೊಡ್ಡದು, ರಕ್ತ ಬೇಕಾದಷ್ಟು. ಹುಳುವನ್ನು 10–15 ನಿಮಿಷ ಮಂಜುಗಡ್ಡೆಯ ಮೇಲಿಡಿ. ಅದರ ಓಡಾಟವೂ ನಿಲ್ಲುತ್ತದೆ, ಕಪ್ಪಾಗುವ ಕ್ರಿಯೆಯೂ ನಿಧಾನವಾಗುತ್ತದೆ. 70% ಆಲ್ಕೋಹಾಲಿನಿಂದ ಒಂದು ಹೊಟ್ಟೆಗಾಲನ್ನು ಒರೆಸಿ, ಪೂರ್ತಿ ಒಣಗಿದ ಮೇಲೆ ಸಣ್ಣ ಕತ್ತರಿಯಿಂದ ಅದರ ತುದಿಯನ್ನಷ್ಟೇ ಕತ್ತರಿಸಿ. ಆಳಕ್ಕೆ ಹೋದರೆ ಕರುಳು ತೂತಾಗಿ ಹಸಿರು ರಸ ಬೆರೆಯುತ್ತದೆ, ಅಂಥ ಮಾದರಿಯನ್ನು ಎಸೆಯಿರಿ. ಹುಳುವನ್ನು ಹಿಸುಕಬೇಡಿ, ಹಿಸುಕಿದರೆ ಕೊಬ್ಬಿನ ಕಣಗಳು ಬಂದು ರಕ್ತಕೋಶಗಳೆಂದು ಮೋಸ ಮಾಡುತ್ತವೆ. ತಾನಾಗಿ ಒಸರುವ ಮೊದಲ ತೊಟ್ಟು ಸಾಕು.

ಆ ತೊಟ್ಟನ್ನು ಸ್ಲೈಡಿನ ಮೇಲೆ ಬೀಳಿಸಿ, ಇನ್ನೊಂದು ಸ್ಲೈಡಿನ ಅಂಚಿನಿಂದ ಒಂದೇ ಎಳೆತಕ್ಕೆ ತೆಳುವಾಗಿ ಎಳೆಯಿರಿ. ಗಾಳಿಯಲ್ಲಿ ಒಣಗಿಸಿ ಮೆಥನಾಲ್‌ನಲ್ಲಿ 5 ನಿಮಿಷ ಇಡಿ. ಜೀಮ್ಸಾ ಬಣ್ಣವನ್ನು ಪಿಎಚ್ 6.8–7.2ರ ಬಫರ್‌ನಲ್ಲಿ 20ಕ್ಕೆ 1ರಂತೆ ತೆಳುಮಾಡಿ 20 ನಿಮಿಷ ಹಾಕಿ, ತೊಳೆದು ಒಣಗಿಸಿ. ಮೊದಲು 40ರ ಲೆನ್ಸ್‌ನಲ್ಲಿ, ಆಮೇಲೆ ಎಣ್ಣೆ ಹಾಕಿ 100ರಲ್ಲಿ ನೋಡಿ.

ಕೋಶ ಒಡೆಯುವುದಕ್ಕೆ ಬಹುತೇಕ ಸಲ ಬರೀ ನೀರು ಬೆರೆತದ್ದೇ ಕಾರಣ: ಒದ್ದೆ ಸ್ಲೈಡು, ಒದ್ದೆ ಕತ್ತರಿ, ಇಲ್ಲವೇ ಮಂಜುಗಡ್ಡೆಯಿಂದ ಹುಳುವಿನ ಮೈಗೆ ಹತ್ತಿದ ನೀರು. ಹುಳುವನ್ನು ಮುಚ್ಚಿದ ಡಬ್ಬಿಯಲ್ಲಿಟ್ಟು ಡಬ್ಬಿಯನ್ನು ಮಂಜುಗಡ್ಡೆಯಲ್ಲಿಡಿ. ಆದರೂ ಈನೋಸೈಟಾಯ್ಡ್‌ಗಳು ಕಡಿಮೆ ಕಾಣುತ್ತಿದ್ದರೆ ನಿಮ್ಮ ಕೈಯ ತಪ್ಪೆನ್ನಬೇಡಿ, ಅವು ದೇಹದಿಂದ ಹೊರಬಂದ ಕೂಡಲೇ ಒಡೆಯುವಂಥವೇ. ಕಪ್ಪಾಗುವುದನ್ನು ತಡೆಯಲು ಪ್ರಯೋಗಾಲಯಗಳಲ್ಲಿ ಫಿನೈಲ್‌ಥಯೋಯೂರಿಯಾದ ಕೆಲವು ಹರಳು ಬಳಸುತ್ತಾರೆ. ಅದು ತೀವ್ರ ವಿಷ. ಕೈಗವಸು, ಮೇಲ್ವಿಚಾರಣೆ ಇಲ್ಲದೆ ವಿದ್ಯಾರ್ಥಿಗಳ ಕೈಗೆ ಕೊಡಬೇಡಿ. ಬೇಗ ಸ್ಮಿಯರ್ ಎಳೆಯುವುದಾದರೆ ಅದು ಬೇಕಾಗುವುದೂ ಇಲ್ಲ.

ಎಣಿಸಬೇಕಿದ್ದರೆ ನ್ಯೂಬಾಯರ್ ಚೇಂಬರ್ ಬಳಸಿ. 5 ಮೈಕ್ರೋಲೀಟರ್ ರಕ್ತವನ್ನು 95 ಮೈಕ್ರೋಲೀಟರ್ ತಣ್ಣನೆಯ ಹೆಪ್ಪುರೋಧಕ ದ್ರಾವಣಕ್ಕೆ ಸೇರಿಸಿದರೆ 20 ಪಟ್ಟು ತೆಳುವಾಯಿತು. ನಾಲ್ಕು ಮೂಲೆಯ ದೊಡ್ಡ ಚೌಕಗಳಲ್ಲಿ ಎಣಿಸಿ ಸರಾಸರಿ ತೆಗೆದು, 20ರಿಂದಲೂ 10,000ದಿಂದಲೂ ಗುಣಿಸಿ. ಉದಾಹರಣೆಗೆ ಸರಾಸರಿ 50 ಬಂದರೆ ಒಂದು ಮಿಲಿಲೀಟರಿಗೆ 1 ಕೋಟಿ ಕೋಶ. ಜ್ವರದ ಮೊದಲು, ನಂತರ, ಹಣ್ಣಾದ ಮೇಲೆ ಹೀಗೆ ಬೇರೆ ಬೇರೆ ದಿನ ಎಣಿಸಿ ನಕ್ಷೆ ಬರೆಸಿದರೆ, ಈ ಕೋಶಗಳಿಗೂ ಬೆಳವಣಿಗೆಗೂ ಇರುವ ನಂಟು ವಿದ್ಯಾರ್ಥಿಗಳ ಕಣ್ಣಿಗೇ ಕಾಣುತ್ತದೆ.

ಬಣ್ಣವೂ ಬೇಡ, ಸ್ಮಿಯರೂ ಬೇಡ ಎಂದರೆ ಡ್ರೊಸೊಫಿಲಾ ಇದೆ. ಮಾನಸಗಂಗೋತ್ರಿಯಲ್ಲಿ ಅದರ ತಳಿಗಳ ಸಂಗ್ರಹ ಕೇಂದ್ರವೇ ಇರುವುದರಿಂದ ನಿಮಗೆ ಸುಲಭ. ಬಾಟಲಿಯ ಗೋಡೆ ಹತ್ತಿದ ಮೂರನೇ ಹಂತದ ಮರಿಗಳನ್ನು ತೊಳೆದು, ಸ್ವಲ್ಪ ನೀರಿನೊಡನೆ ಚಿಕ್ಕ ಟ್ಯೂಬಿನಲ್ಲಿ ಹಾಕಿ, 60 ಡಿಗ್ರಿ ನೀರಿನಲ್ಲಿ 10 ನಿಮಿಷ ಇಡಿ. ಕ್ರಿಸ್ಟಲ್ ಕೋಶಗಳೆಂಬ ರಕ್ತಕೋಶಗಳೊಳಗಿನ ಪ್ರೋಫೀನಾಲ್‌ಆಕ್ಸಿಡೇಸ್ ಬಿಸಿಗೆ ಜಾಗೃತವಾಗಿ, ಆ ಕೋಶಗಳು ಕಪ್ಪು ಚುಕ್ಕಿಗಳಾಗಿ ಚರ್ಮದ ಮೂಲಕವೇ ಕಾಣುತ್ತವೆ. ಮೈಯ ಹಿಂದಿನ ಖಂಡಗಳಲ್ಲಿ ಎಣಿಸುವುದು ರೂಢಿ. ಚುಕ್ಕಿ ಬರದಿದ್ದರೆ ನೀರು ಅಷ್ಟು ಬಿಸಿಯಿಲ್ಲ ಎಂದರ್ಥ, ಥರ್ಮಾಮೀಟರನ್ನು ಟ್ಯೂಬಿನ ಪಕ್ಕದಲ್ಲೇ ಇಡಿ. ಪ್ಯೂಪಾ ಆಗತೊಡಗಿದ ಮರಿಗಳನ್ನು ಬಳಸಬೇಡಿ, ಅವುಗಳ ಚರ್ಮವೇ ಕಪ್ಪಾಗುತ್ತಿರುತ್ತದೆ.

ಪ್ರಶ್ನೆ: ಸೋಂಕು ತಗುಲಿದರೆ ಕೀಟದ ಬೆಳವಣಿಗೆ ನಿಧಾನವಾಗುತ್ತದೆಯೇ? ಈ ವಿಷಯದಲ್ಲಿ ಬೆಂಗಳೂರಿನಲ್ಲಿ ಕೆಲಸ ನಡೆದಿದೆಯೇ?
— ಓದುಗರು, ಯಲಹಂಕ

ಉತ್ತರ: ನಿಧಾನವಾಗುತ್ತದೆ, ನಿಧಾನ ಮಾಡುವುದು ರಕ್ತಕೋಶಗಳೇ. ಲೆಪ್ಟೊಪಿಲಿನಾ ಎಂಬ ಕಣಜ ಡ್ರೊಸೊಫಿಲಾ ಮರಿಯೊಳಗೆ ಮೊಟ್ಟೆಯಿಟ್ಟರೆ, ಆ ಮೊಟ್ಟೆಯನ್ನು ಸುತ್ತಲು ಲ್ಯಾಮೆಲೋಸೈಟ್ ಎಂಬ ಚಪ್ಪಟೆ ಕೋಶಗಳು ಹೊಸದಾಗಿ ತಯಾರಾಗಬೇಕು. ಅದಕ್ಕೆ ಸಕ್ಕರೆ ಬೇಕು. ರಕ್ತಕೋಶಗಳು ಅಡೆನೋಸಿನ್ ಎಂಬ ವಸ್ತುವನ್ನು ಹೊರಬಿಟ್ಟು ಬೇರೆ ಅಂಗಾಂಶಗಳ ಸಕ್ಕರೆ ಬಳಕೆ ತಗ್ಗಿಸುತ್ತವೆ. ಉಳಿದ ಸಕ್ಕರೆ ತಮಗೆ, ಬೆಳವಣಿಗೆಗೆ ತಡ. ರಕ್ತಕೋಶಗಳಿಂದ ಅಡೆನೋಸಿನ್ ಹೊರಬರದಂತೆ ಮಾಡಿದರೆ ಬೆಳವಣಿಗೆ ತಡವಾಗುವುದಿಲ್ಲ, ಆದರೆ ಕಣಜದ ವಿರುದ್ಧದ ಹೋರಾಟ ಸೋಲುತ್ತದೆ. 2015ರಲ್ಲಿ ಚೆಕ್ ಗಣರಾಜ್ಯದ ಸೌತ್ ಬೊಹೀಮಿಯಾ ವಿಶ್ವವಿದ್ಯಾಲಯದಿಂದ ಬಂದ ಈ ಫಲಿತಾಂಶ, ಈ ಕ್ಷೇತ್ರದ ಅತ್ಯಂತ ಮುಖ್ಯ ಸಂಗತಿಗಳಲ್ಲೊಂದು ಎಂಬುದು ನಮ್ಮ ಅಭಿಪ್ರಾಯ.

ಬೆಂಗಳೂರಿನ ಕೆಲಸ ಗಮನಾರ್ಹವಾದದ್ದು. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಮನೀಷಾ ಇನಾಂದಾರ್ ಅವರ ತಂಡ, ನೊಣದ ರಕ್ತ ತಯಾರಿಸುವ ಲಿಂಫ್ ಗ್ರಂಥಿಯಲ್ಲಿ ತಾಯಿಕೋಶಗಳನ್ನು ಹಾಗೇ ಉಳಿಸಿಕೊಳ್ಳಲು ಅಸೃಜ್ ಎಂಬ ಜೀನು ಬೇಕೆಂದು 2011ರಲ್ಲಿ ತೋರಿಸಿತು. ಇನ್‌ಸ್ಟೆಮ್ ಸಂಸ್ಥೆಯ ಟೀನಾ ಮುಖರ್ಜಿ ಅವರ ತಂಡ 2020ರಲ್ಲಿ ಪ್ರಕಟಿಸಿದ ಕೆಲಸ ವಾಸನೆಯದ್ದು. ಮರಿ ವಾಸನೆ ಹಿಡಿದಾಗ ಅದರ ನರಕೋಶಗಳು ಗಾಬಾ ಎಂಬ ವಸ್ತುವನ್ನು ರಕ್ತಕ್ಕೆ ಬಿಡುತ್ತವೆ. ರಕ್ತದ ತಾಯಿಕೋಶಗಳು ಅದನ್ನು ಒಳಗೆಳೆದುಕೊಂಡು ಲ್ಯಾಮೆಲೋಸೈಟ್ ತಯಾರಿಸುವ ತಾಕತ್ತು ಪಡೆಯುತ್ತವೆ. ಕಣಜದ ವಾಸನೆಯಲ್ಲಿ ಬೆಳೆದ ಮರಿಯಲ್ಲಿ, ಕಣಜ ಚುಚ್ಚುವ ಮೊದಲೇ ಈ ಸಿದ್ಧತೆ ಹೆಚ್ಚಾಗಿರುತ್ತದೆ.

ಪ್ರಶ್ನೆ: ರಕ್ತಕೋಶಗಳನ್ನೆಲ್ಲ ತೆಗೆದುಬಿಟ್ಟರೆ ಕೀಟ ಬದುಕುತ್ತದೆಯೇ?
— ಪ್ರೌಢಶಾಲಾ ವಿದ್ಯಾರ್ಥಿ, ತೀರ್ಥಹಳ್ಳಿ

ಉತ್ತರ: ಕೈಯಿಂದ ತೆಗೆಯಲಾಗದು, ಬೇರೆ ಉಪಾಯಗಳಿವೆ. ಇಂಗ್ಲೆಂಡಿನ ವಿಗ್ಗಲ್ಸ್‌ವರ್ತ್ 1955ರಲ್ಲಿ ರೋಡ್ನಿಯಸ್ ಎಂಬ ರಕ್ತ ಹೀರುವ ತಿಗಣೆಗೆ ಇಂಡಿಯನ್ ಇಂಕ್ ಚುಚ್ಚಿದರು. ನುಂಗುವ ಕೋಶಗಳು ಶಾಯಿಯ ಕಣಗಳನ್ನು ನುಂಗಿ ಬೇರೆ ಕೆಲಸಕ್ಕೆ ಬಾರದಾದವು. ತಿಗಣೆ ರಕ್ತ ಹೀರಿದ ಹೊಸತರಲ್ಲೇ ಚುಚ್ಚಿದರೆ ಪೊರೆ ಬಿಡುವುದು ತಡವಾಯಿತು, ಕೆಲದಿನ ಕಳೆದು ಚುಚ್ಚಿದರೆ ಏನೂ ಆಗಲಿಲ್ಲ. ಪೊರೆ ಬಿಡಿಸುವ ಹಾರ್ಮೋನು ತಯಾರಾಗಲು ರಕ್ತಕೋಶದ ನೆರವು ಬೇಕು ಎಂದು ಅವರು ತೀರ್ಮಾನಿಸಿದರು. ಶಾಯಿ ಬೇರೆ ಅಂಗಗಳಿಗೂ ತೊಂದರೆ ಕೊಟ್ಟಿರಬಹುದಾದ್ದರಿಂದ ಆ ಪ್ರಯೋಗವೊಂದನ್ನೇ ನಂಬುವಂತಿರಲಿಲ್ಲ. ಆದರೆ 2023ರಲ್ಲಿ ನ್ಯೂಯಾರ್ಕ್‌ನಿಂದ ಬಂದ ಕೆಲಸ ಡ್ರೊಸೊಫಿಲಾದಲ್ಲಿ ಹೆಚ್ಚುಕಡಿಮೆ ಅದನ್ನೇ ಹೇಳುತ್ತದೆ. ಮರಿಗೆ ಸಾಕಷ್ಟು ಆಹಾರ ಸಿಕ್ಕಿದೆಯೇ ಎಂಬುದನ್ನು ರಕ್ತಕೋಶಗಳು ಅರಿತು, ಹಾರ್ಮೋನು ತಯಾರಿಸುವ ಗ್ರಂಥಿಗೆ ಪಿವಿಎಫ್ ಸಂದೇಶ ಕಳಿಸುತ್ತವೆ. ಮೊಟ್ಟೆಯಲ್ಲಿ ರಕ್ತಕೋಶಗಳಿಗೆ ದಾರಿ ತೋರಿಸಿದ್ದೂ ಇದೇ ಪ್ರೋಟೀನ್ ಕುಟುಂಬ.

ಇನ್ನೊಂದು ಉಪಾಯ, ರಕ್ತಕೋಶಗಳು ಮಾತ್ರ ತಾವಾಗಿ ಸಾಯುವಂತೆ ಜೀನು ಜೋಡಿಸುವುದು. 2009ರಲ್ಲಿ ಎರಡು ಪ್ರಯೋಗಾಲಯಗಳು ಇದನ್ನು ಮಾಡಿದವು. ಅನೇಕ ನೊಣಗಳು ಪ್ಯೂಪಾ ಹಂತದಲ್ಲೇ ಸತ್ತವು. ಕೆಲವು ರೆಕ್ಕೆ ಬಿಚ್ಚಿ ಹೊರಬಂದವು, ಆದರೆ ಮಾಮೂಲಿ ನೊಣ ತಡೆದುಕೊಳ್ಳುವ ಬ್ಯಾಕ್ಟೀರಿಯಾ ಸೋಂಕಿಗೂ ಅವು ಬೇಗ ಬಲಿಯಾದವು. ಈ ವಿಧಾನದಲ್ಲಿ ಒಂದಷ್ಟು ಕೋಶಗಳು ಉಳಿದೇ ಉಳಿಯುತ್ತವೆ ಎಂಬುದನ್ನು ನೆನಪಿಟ್ಟುಕೊಂಡು ಈ ಫಲಿತಾಂಶ ಓದಬೇಕು.